8 ಲಕ್ಷ ರೂಪಾಯಿ ದೇಣಿಗೆ ಕೈಯಲ್ಲಿದೆ: ಕಂಬಳಿ ಕೊಡುವುದೋ, ಬಾಡಿಗೆ ಮನೆ ಮಾಡಿಕೊಡುವುದೋ?

ವಿಲ್ಸನ್‌ಗಾರ್ಡನ್ ನಿವಾಸಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ನಿವಾಸಿಗಳ ಸಂಘವೂ, ಇಲ್ಲಿಯೇ ಬಾಡಿಗೆಗಿರುವ ಕೆಲವು ಸಾಫ್ಟ್‌ವೇರ್ ಉದ್ಯೋಗಿಗಳೂ ಸೇರಿ ಒಂದು ವರ್ಷದಲ್ಲಿ 8 ಲಕ್ಷ ರೂಪಾಯಿ ಕೂಡಿಸಿದ್ದೇವೆ. ಫುಟ್‌ಪಾತ್‌ಗಳಲ್ಲಿ, ಮುಚ್ಚಿದ ಅಂಗಡಿಗಳ ಮೆಟ್ಟಿಲುಗಳ ಮೇಲೆ ಮಲಗುವವರಿಗೆ ಈ ಹಣ ಸಲ್ಲಬೇಕೆಂಬುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಹೇಗೆ ಸಲ್ಲಬೇಕೆಂಬುದರಲ್ಲಿ ಮಾತ್ರ ಮೂರು ಪಕ್ಷಗಳಾಗಿವೆ. ಕಂಬಳಿ ಮತ್ತು ಊಟದ ಪೊಟ್ಟಣ ಹಂಚೋಣ ಎನ್ನುವವರೇ ಹೆಚ್ಚು. ಹತ್ತಿರದ ಕೊಳೆಗೇರಿಯ ಗೋಡೆಗಳಿಗೆ ಬಣ್ಣ ಹೊಡೆಸಿ, ಬೆಂಚು, ದೀಪ ಹಾಕಿಸಿ ಆ ಕೇರಿಗೆ ಹೊಸ ಕಳೆ ತರೋಣ ಎನ್ನುವವರು ಕೆಲವರು. ಒಂದಷ್ಟು ಕುಟುಂಬಗಳಿಗೆ ಬಾಡಿಗೆ ಮನೆಯನ್ನೇ ಮಾಡಿಕೊಡೋಣ ಎನ್ನುವವರು ಇಬ್ಬರು ಮೂವರು.

ಕಳೆದ ಡಿಸೆಂಬರಿನಲ್ಲಿ ಕೆ.ಆರ್. ಮಾರುಕಟ್ಟೆಯ ಬಳಿ ಕಂಬಳಿ ಹಂಚಲು ನಾನೂ ಹೋಗಿದ್ದೆ. ಹೂವು ಕಟ್ಟುವ ಒಬ್ಬ ಅಜ್ಜಿಗೆ ನನ್ನ ಕೈಯಾರೆ ಕಂಬಳಿ ಹೊದಿಸಿ ಬಂದೆ. ವಾರ ಕಳೆದು ಹೂವು ತರಲು ಹೋದಾಗ ಅವರು ಮತ್ತೆ ಗೋಣಿಚೀಲ ಹೊದ್ದು ಕುಳಿತಿದ್ದರು. ಕೇಳಿದ್ದಕ್ಕೆ, ಹಗಲು ಹೊತ್ತು ಅದನ್ನು ಇಡಲು ಜಾಗವಿಲ್ಲವೆಂದೂ ಮೂರನೆಯ ದಿನವೇ ಯಾರೋ ಎತ್ತಿಕೊಂಡು ಹೋದರೆಂದೂ ಹೇಳಿದರು. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ಹಣದಿಂದ ಬೀದಿಯಲ್ಲಿ ಮಲಗುವವರ ಸಂಖ್ಯೆ ನಿಜವಾಗಿ ಕಡಿಮೆಯಾಗಬೇಕಾದರೆ ನಾವು ಏನು ಮಾಡಬೇಕು? ಈ ಕೆಲಸದಲ್ಲಿ ಇದ್ದವರು, ಲೆಕ್ಕ ಬಲ್ಲವರು ದಯವಿಟ್ಟು ತಿಳಿಸಬೇಕು.

ಜಯನಗರದ ಓದುಗ

ಮೂರು ರಾತ್ರಿಯ ಬೆಚ್ಚಗಿನ ನಿದ್ದೆಯನ್ನು ಹಗುರವಾಗಿ ಕಾಣಬೇಡಿ. ಚಳಿಯಲ್ಲಿ ನಡುಗುವವರಿಗೆ ನಮ್ಮ ಯೋಜನೆ ಸಿದ್ಧವಾಗುವವರೆಗೆ ಕಾಯಿರಿ ಎಂದು ಹೇಳಲಾಗದು.

ತಂಗುದಾಣದ ಮಾಜಿ ಮೇಲ್ವಿಚಾರಕಿ

ಜಯನಗರದವರ ಮಾತನ್ನು ಒಪ್ಪುತ್ತೇನೆ, ಆದರೆ ಊಟದ ಪೊಟ್ಟಣವನ್ನು ಪಟ್ಟಿಯಿಂದ ತೆಗೆಯಿರಿ. 2017ರಿಂದ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂಬ ವ್ಯವಸ್ಥೆ ಬಂದಿದೆ. ದುಡಿಯುವ ಶಕ್ತಿ ಇರುವವರು ಹೇಗೋ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಬೆನ್ನು ನೆಟ್ಟಗೆ ಮಾಡಲು, ಸ್ನಾನ ಮಾಡಲು, ಗಂಟನ್ನು ಭದ್ರವಾಗಿ ಇಡಲು ಜಾಗವಿಲ್ಲದಿರುವುದೇ ಅವರ ಕಷ್ಟ.

ಮನೆಯಿಲ್ಲದವರು ರಾತ್ರಿ ಮಲಗುವ ಒಂದು ತಂಗುದಾಣದಲ್ಲಿ ನಾನು ನಾಲ್ಕು ವರ್ಷ ಕೆಲಸ ಮಾಡಿದೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಭಿಕ್ಷುಕರು ಬೆರಳೆಣಿಕೆಯಷ್ಟು. ಹಮಾಲಿಗಳು, ಮದುವೆ ಮನೆಗಳಲ್ಲಿ ಬಡಿಸುವವರು, ಗಾರೆ ಕೆಲಸದವರು, ಚಿಂದಿ ಆಯುವವರು, ಮಕ್ಕಳು ಮನೆಯಿಂದ ಹೊರಗೆ ಹಾಕಿದ ಮುದುಕರು, ಇವರೇ ಹೆಚ್ಚು. ದಾನಿಗಳು ನಮಗೆ ಮಂಚ ಕೊಟ್ಟರು, ಟಿವಿ ಕೊಟ್ಟರು, ನೀರು ಶುದ್ಧಮಾಡುವ ಯಂತ್ರವನ್ನು ಒಂದೇ ವರ್ಷದಲ್ಲಿ ಇಬ್ಬರು ಕೊಟ್ಟರು. ರಾತ್ರಿ ಪಾಳಿಯವನ ಸಂಬಳಕ್ಕೆ ಮಾತ್ರ ಯಾರನ್ನು ಕೇಳಿದರೂ, ಅದನ್ನು ನೀವೇ ಹೇಗಾದರೂ ಹೊಂದಿಸಿಕೊಳ್ಳಿ ಎಂಬ ಉತ್ತರ ಬರುತ್ತಿತ್ತು. ಮಂಚದ ಮೇಲೆ ದಾನಿಯ ಹೆಸರು ಬರೆಸಬಹುದು, ಸಂಬಳದ ಮೇಲೆ ಬರೆಸಲು ಬರುವುದಿಲ್ಲ. ಹುಡುಗ ಮೂರು ತಿಂಗಳು ಸಂಬಳವಿಲ್ಲದೆ ದುಡಿದು ಬಿಟ್ಟುಹೋದ. ಅವನಿಗೆ ಮಲಗುವವರ ಹೆಸರು, ಊರು, ಕಾಯಿಲೆ, ಯಾರಿಗೆ ಆಧಾರ್ ಕಾರ್ಡ್ ಇಲ್ಲ, ಯಾರ ಮಗಳು ಯಾವ ಊರಿನಲ್ಲಿದ್ದಾಳೆ ಎಂಬುದೆಲ್ಲ ಬಾಯಿಪಾಠವಿತ್ತು. ಅವನು ಹೋದ ಮೇಲೆ ಆ ತಿಳಿವಳಿಕೆಯೂ ಹೋಯಿತು.

ಲೆಕ್ಕ ಕೇಳಿದ್ದೀರಿ. ಒಂದು ಲಕ್ಷ ನಗರ ಜನಸಂಖ್ಯೆಗೆ 100 ಜನರ ಒಂದು ತಂಗುದಾಣ ಇರಬೇಕೆಂಬುದು ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾನದಂಡವಾಗಿತ್ತು. 2011ರ ಜನಗಣತಿಯಲ್ಲಿಯೇ ಬೆಂಗಳೂರಿನ ಜನಸಂಖ್ಯೆ 84 ಲಕ್ಷ ದಾಟಿತ್ತು; ಆಗಲೇ 84 ತಂಗುದಾಣ ಬೇಕಿತ್ತು. ಇಂದು ಊರು ಎಷ್ಟು ಬೆಳೆದಿದೆ ಎಂಬುದನ್ನು ನೀವೇ ಕಾಣುತ್ತಿದ್ದೀರಿ.

ಬೆಳ್ಳಂದೂರಿನ ಉದ್ಯೋಗಿ

ಮೇಡಂ, ಸಂಬಳಕ್ಕೆ ದಾನಿಗಳು ಹಿಂಜರಿಯುವುದಕ್ಕೆ ಕಾನೂನೇ ಕಾರಣ. ನಾನು ನಮ್ಮ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ ಹಣ ನೋಡಿಕೊಳ್ಳುವ) ಸಮಿತಿಗೆ ಸಹಾಯ ಮಾಡುತ್ತೇನೆ. ಆಡಳಿತ ವೆಚ್ಚ ಶೇ. 5ನ್ನು ಮೀರುವಂತಿಲ್ಲವೆಂದು ನಿಯಮವಿದೆ. ಆದ್ದರಿಂದ ಕಟ್ಟಡ, ಸಾಮಗ್ರಿಗಳಿಗೆ ಕೊಡುತ್ತೇವೆ, ಸಂಬಳಕ್ಕೆ ಕೊಡಲಾಗುವುದಿಲ್ಲ.

ಮಲ್ಲೇಶ್ವರದ ಲೆಕ್ಕಪರಿಶೋಧಕಿ

ಕ್ಷಮಿಸಿ, ಇದು ತಪ್ಪು ತಿಳಿವಳಿಕೆ, ಮತ್ತು ಈ ತಪ್ಪಿನಿಂದ ಎಷ್ಟೋ ಒಳ್ಳೆಯ ಕೆಲಸಗಳು ನಿಂತಿವೆ. 2021ರ ತಿದ್ದುಪಡಿಯಲ್ಲಿ ಬಂದ ಶೇ. 5ರ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ಆಡಳಿತ ವೆಚ್ಚಕ್ಕೆ ಸಂಬಂಧಿಸಿದ್ದು. ಒಂದು ನಿರ್ದಿಷ್ಟ ಯೋಜನೆಯನ್ನು ನಡೆಸಲು ನೇರವಾಗಿ ತಗಲುವ ಖರ್ಚು ಅದರೊಳಗೆ ಬರುವುದಿಲ್ಲ. ತಂಗುದಾಣವೇ ಯೋಜನೆಯಾದಾಗ ಅಲ್ಲಿ ರಾತ್ರಿ ಎಚ್ಚರವಿರುವ ಮೇಲ್ವಿಚಾರಕನ ಸಂಬಳ ಯೋಜನೆಯ ವೆಚ್ಚವೇ ಆಗುತ್ತದೆ. ನಿಮ್ಮ ಸಮಿತಿಯ ಮುಂದೆ ಇದನ್ನು ದಯವಿಟ್ಟು ಇಡಿ. ಆರಂಭಿಸಿದ ವರ್ಷವನ್ನು ಬಿಟ್ಟು ಮೂರು ವರ್ಷಗಳವರೆಗೆ ಯೋಜನೆಯನ್ನು ಮುಂದುವರಿಸಲು ಸಹ ಅದೇ ನಿಯಮಗಳಲ್ಲಿ ಅವಕಾಶವಿದೆ. ಹೀಗಿದ್ದರೂ ಬಹಳಷ್ಟು ಕಂಪನಿಗಳು ಫೆಬ್ರವರಿಯಲ್ಲಿ ಎಚ್ಚೆತ್ತು ಮಾರ್ಚ್ 31ರೊಳಗೆ ಬಿಲ್ ಸಿಗುವಂಥದ್ದನ್ನೇ ಹುಡುಕುತ್ತವೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಸಿಎಸ್‌ಆರ್ ಹಣವನ್ನು ಯಾವ ಕೆಲಸಗಳಿಗೆ ಕೊಡಬಹುದೆಂಬ ಪಟ್ಟಿ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿದೆ; ಅದರಲ್ಲಿ ಕೊಳೆಗೇರಿ ಪ್ರದೇಶದ ಅಭಿವೃದ್ಧಿ ಎಂಬ ಬಾಬತ್ತು ಇದೆ. ಆದರೆ ಕೊಳೆಗೇರಿ ಎಂದರೆ ಸರ್ಕಾರವೋ ಸಕ್ಷಮ ಪ್ರಾಧಿಕಾರವೋ ಹಾಗೆ ಘೋಷಿಸಿದ ಪ್ರದೇಶ ಎಂಬ ವಿವರಣೆಯೂ ಜೊತೆಗಿದೆ. ನಮ್ಮಲ್ಲಿ ಆ ಘೋಷಣೆ 1973ರ ಕರ್ನಾಟಕ ಕೊಳೆಗೇರಿ ಕಾಯ್ದೆಯಡಿ ಆಗಬೇಕು. ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆ ಖಾಲಿ ನಿವೇಶನಗಳಲ್ಲಿ ಕಾಣುವ ನೀಲಿ ಟಾರ್ಪಾಲಿನ ಶೆಡ್ಡುಗಳಿಗೆ ಆ ಘೋಷಣೆ ಇರುವುದಿಲ್ಲ. ಬಡತನ ನಿವಾರಣೆ, ಆರೋಗ್ಯ ಎಂಬ ಬೇರೆ ಬಾಬತ್ತುಗಳಡಿ ಕೊಡಲು ದಾರಿಯಿದ್ದರೂ, ಅಪಾಯ ಬೇಡವೆಂದು ಅತ್ಯಂತ ಬಡವರಿರುವ ಜಾಗವನ್ನೇ ಕಂಪನಿಗಳು ಬಿಟ್ಟುಬಿಡುತ್ತವೆ.

ನಿಮ್ಮ ಸಂಘಕ್ಕೆ ಒಂದು ಮಾತು: 80ಜಿ ನೋಂದಣಿ ಇಲ್ಲದಿದ್ದರೆ ದಾನಿಗಳಿಗೆ ತೆರಿಗೆ ವಿನಾಯಿತಿಯ ಭರವಸೆ ಕೊಡಬೇಡಿ. ನೋಂದಣಿ ಇದ್ದರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಇಲ್ಲ.

ಬೆಳ್ಳಂದೂರಿನ ಉದ್ಯೋಗಿ

ತಿದ್ದಿದ್ದಕ್ಕೆ ಧನ್ಯವಾದ. ಎರಡು ವರ್ಷಗಳಿಂದ ಈ ನೆಪ ಹೇಳಿ ಎಷ್ಟು ಅರ್ಜಿಗಳನ್ನು ಹಿಂದಕ್ಕೆ ಕಳುಹಿಸಿದೆವೋ ನೆನೆದರೆ ಸಂಕಟವಾಗುತ್ತದೆ. ಮುಂದಿನ ಸಭೆಯಲ್ಲಿ ಖಂಡಿತವಾಗಿ ಎತ್ತುತ್ತೇನೆ.

ಯಾದಗಿರಿಯಿಂದ ಬಂದವನು

ನಾನು 2009ರಲ್ಲಿ ಹೆಂಡತಿ ಮತ್ತು ಎರಡು ವರ್ಷದ ಮಗನೊಂದಿಗೆ ಬೆಂಗಳೂರಿಗೆ ಬಂದೆ. ಮೊದಲ ಹದಿನೆಂಟು ದಿನ ಕಟ್ಟುತ್ತಿದ್ದ ಕಟ್ಟಡದ ನೆಲಮಹಡಿಯಲ್ಲಿ ಮಲಗಿದೆವು, ಆಮೇಲೆ ಎರಡೂವರೆ ವರ್ಷ ಟಾರ್ಪಾಲಿನ ಶೆಡ್ಡಿನಲ್ಲಿದ್ದೆವು. ಆ ಶೆಡ್ಡಿಗೂ ನೆಲಬಾಡಿಗೆ ಇತ್ತು, ನೀರನ್ನು ಕೊಡವೊಂದಕ್ಕೆ ಇಷ್ಟೆಂದು ಕೊಳ್ಳುತ್ತಿದ್ದೆವು. ಎಲ್ಲ ಸೇರಿಸಿದರೆ ಆ ಕಾಲದ ಒಂದು ಸಣ್ಣ ಕೋಣೆಯ ಬಾಡಿಗೆಗೆ ಹೆಚ್ಚು ಕಡಿಮೆ ಸಮವಾಗುತ್ತಿತ್ತು. ತಿಂಗಳ ಬಾಡಿಗೆ ಕಟ್ಟುವ ಶಕ್ತಿ ನಮಗೆ ಇದ್ದರೂ ಹತ್ತು ತಿಂಗಳ ಅಡ್ವಾನ್ಸ್ ಒಟ್ಟಿಗೆ ಕೊಡುವ ಶಕ್ತಿ ಇರಲಿಲ್ಲ.

ಕೊನೆಗೆ ನಮ್ಮ ಮೇಸ್ತ್ರಿ 15 ಸಾವಿರ ರೂಪಾಯಿ ಬಡ್ಡಿಯಿಲ್ಲದೆ ಕೊಟ್ಟರು. ಒಂದು ವರ್ಷದಲ್ಲಿ ತೀರಿಸಿದೆ. ಮನೆ ಸಿಕ್ಕ ಮೇಲೆ ವಿಳಾಸ ಬಂತು. ವಿಳಾಸದಿಂದ ಗ್ಯಾಸ್ ಬಂತು, ಮಗನಿಗೆ ಶಾಲೆ ಸಿಕ್ಕಿತು, ಹೆಂಡತಿ ರಾತ್ರಿ ನಿದ್ದೆ ಮಾಡತೊಡಗಿದಳು. ಶೆಡ್ಡಿನಲ್ಲಿ ಬಾಗಿಲಿಗೆ ಚಿಲಕವಿಲ್ಲದ್ದರಿಂದ ಆಕೆ ಎಚ್ಚರವಾಗಿಯೇ ಮಲಗುತ್ತಿದ್ದಳು ಎಂಬುದು ನನಗೆ ಗೊತ್ತಾದದ್ದೇ ಆಗ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಆ 8 ಲಕ್ಷವನ್ನು ಅಡ್ವಾನ್ಸಿಗೆ ಕೊಡಿ.

ಬಸವನಗುಡಿಯ ಹಿರಿಯ

ಯಾದಗಿರಿಯವರ ಅನುಭವ ಮನಸ್ಸಿಗೆ ತಟ್ಟಿತು. ಆದರೂ ಎರಡು ಆಕ್ಷೇಪಗಳಿವೆ. ಕಂಬಳಿಯೊಂದಕ್ಕೆ 400 ರೂಪಾಯಿ ಹಿಡಿದರೆ 8 ಲಕ್ಷದಲ್ಲಿ 2,000 ಜನರನ್ನು ತಲುಪಬಹುದು. ಅಡ್ವಾನ್ಸ್ ಕೊಟ್ಟರೆ ಹೆಚ್ಚೆಂದರೆ ಎಂಟು, ಹತ್ತು ಕುಟುಂಬಗಳು. ಉಳಿದವರಿಗೆ ಏನು ಹೇಳುತ್ತೀರಿ? ಇನ್ನು, ಸಾಲವಾಗಿ ಕೊಟ್ಟ ಹಣ ಮರಳುತ್ತದೆಂಬ ನಂಬಿಕೆ ಏನು? ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಸಂಘದ ಹಣ ಮುಳುಗಿದರೆ ಮುಂದಿನ ವರ್ಷ ಯಾರೂ ಒಂದು ರೂಪಾಯಿ ಕೊಡುವುದಿಲ್ಲ.

ನಮ್ಮ ಊರಿನ ಹಳೆಯ ದಾನಿಗಳು ಹೆಚ್ಚು ಜನಕ್ಕೆ ಆಗುವಂಥದ್ದನ್ನೇ ಕಟ್ಟಿದರು. ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರವನ್ನು ನೋಡಿ. ಊರಿಗೆ ಬಂದಿಳಿದ ಪರಸ್ಥಳದವರಿಗೆ ತಂಗಲು ಜಾಗ, ಬಡ ವಿದ್ಯಾರ್ಥಿಗಳಿಗೆ ವಸತಿ, ಇಂದಿಗೂ ನಡೆದಿದೆ.

ತಂಗುದಾಣದ ಮಾಜಿ ಮೇಲ್ವಿಚಾರಕಿ

ಹಿರಿಯರೇ, ನೀವು ಕೊಟ್ಟ ಉದಾಹರಣೆಯೇ ನನ್ನ ವಾದಕ್ಕೆ ಬಲ. ತೋಟದಪ್ಪನವರು ಕಟ್ಟಡ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಛತ್ರ ಮುಂದೆಯೂ ನಡೆಯಲೆಂದು ಆಸ್ತಿಯನ್ನೇ ಧರ್ಮಸಂಸ್ಥೆಗೆ ಬಿಟ್ಟುಕೊಟ್ಟರು. ಅದು ಒಂದು ಶತಮಾನ ದಾಟಿ ಬಾಳಿದ್ದು ಅದರಿಂದಲೇ. ಇಂದಿನ ದಾನಿಗಳು ಛತ್ರದ ಗೋಡೆಯನ್ನು ಕೊಡುತ್ತಾರೆ, ಅಡುಗೆಯವನ ಸಂಬಳವನ್ನು ಮರೆಯುತ್ತಾರೆ.

ಶ್ರೀರಾಮಪುರದ ಹಳಬ

ಬಣ್ಣ ಹೊಡೆಯುವ ಪಕ್ಷದವರಿಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಾನು ಹುಟ್ಟಿ ಬೆಳೆದದ್ದು ಘೋಷಿತ ಕೊಳೆಗೇರಿಯಲ್ಲಿ. ನಮ್ಮ ಬೀದಿಗೂ ಒಂದು ಸಲ ಬಣ್ಣ ಬಂತು. ಎರಡು ದಿನ ಯುವಕ ಯುವತಿಯರು ಗೋಡೆಗಳ ಮೇಲೆ ಚೆಂದದ ಹಕ್ಕಿಗಳನ್ನು ಬರೆದರು, ನಮ್ಮ ಮಕ್ಕಳು ಅವರೊಂದಿಗೆ ಕುಣಿದಾಡಿದರು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆ ಮಳೆಗಾಲದಲ್ಲಿಯೂ ಒಳಚರಂಡಿ ಉಕ್ಕಿ ಹಕ್ಕಿಗಳ ಕಾಲಿನವರೆಗೆ ನೀರು ನಿಂತಿತು. ನಮ್ಮನ್ನು ಮೊದಲು ಕೇಳಿದ್ದರೆ ಚರಂಡಿ, ಮಹಿಳೆಯರಿಗೆ ರಾತ್ರಿಯೂ ತೆರೆದಿರುವ ಶೌಚಾಲಯ, ಮಕ್ಕಳು ಓದಲು ಒಂದು ಕೋಣೆ, ಇವುಗಳನ್ನು ಹೇಳುತ್ತಿದ್ದೆವು.

ಇನ್ನೊಂದು ಭಯ ಹೊರಗಿನವರಿಗೆ ಕಾಣುವುದಿಲ್ಲ. ಬೀದಿ ಚೆಂದವಾದರೆ ಬಾಡಿಗೆ ಏರುತ್ತದೆ. ಹಕ್ಕುಪತ್ರ ಇರುವ ಮನೆಯವನಿಗೆ ಲಾಭ. ಅವನ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ಮನೆ ಬಿಡಬೇಕಾಗುತ್ತದೆ. ಕೇರಿ ಉದ್ಧಾರವಾಯಿತೆಂದು ನೀವು ಹೇಳುವ ಹೊತ್ತಿಗೆ ಕೇರಿಯ ಅರ್ಧ ಜನ ಬೇರೆಡೆಗೆ ಹೋಗಿರುತ್ತಾರೆ. ಕೋರಮಂಗಲದ ಪಕ್ಕದ ಈಜಿಪುರದ ಬಡವರ ವಸತಿ ಸಮುಚ್ಚಯ ನೆನಪಿದೆಯೇ? 2013ರ ಜನವರಿಯಲ್ಲಿ ಅದನ್ನು ನೆಲಸಮ ಮಾಡಿದಾಗ ಸುಮಾರು 1,500 ಕುಟುಂಬಗಳು ಬೀದಿಗೆ ಬಂದವು. ಅಲ್ಲಿಯೂ ಹೇಳಿದ್ದು ಅಭಿವೃದ್ಧಿ ಎಂದೇ. ಹಲವರನ್ನು ಸರ್ಜಾಪುರದ ಕಡೆಯ ಸೂಲಿಕುಂಟೆಗೆ ಕಳುಹಿಸಿದರು. ಕೋರಮಂಗಲದ ಮನೆಗಳಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ಅಷ್ಟು ದೂರದಿಂದ ಬೆಳಿಗ್ಗೆ ಆರಕ್ಕೆ ಹೇಗೆ ಬರಬೇಕು?

ಹೊರದೇಶದಲ್ಲಿರುವ ಕನ್ನಡಿಗ

ಅಮೆರಿಕದ ಅಟ್ಲಾಂಟಾದ ಈಸ್ಟ್ ಲೇಕ್ ಎಂಬ ಪ್ರದೇಶದಲ್ಲಿಯೂ 1990ರ ದಶಕದಲ್ಲಿ ಇಂಥದ್ದೇ ಪ್ರಶ್ನೆ ಎದ್ದಿತ್ತು. ಅಪರಾಧದಿಂದ ನಲುಗಿದ್ದ ಸರ್ಕಾರಿ ವಸತಿ ಸಮುಚ್ಚಯವನ್ನು ಕೆಡವಿ, ಒಬ್ಬ ಉದ್ಯಮಿಯ ದತ್ತಿಯ ನೆರವಿನಿಂದ ಹೊಸ ಮನೆಗಳು, ಶಾಲೆ ಕಟ್ಟಿದರು. ಮನೆಗಳಲ್ಲಿ ಅರ್ಧದಷ್ಟನ್ನು ಸಹಾಯಧನದ ಬಾಡಿಗೆಗೆ ಮೀಸಲಿಟ್ಟರು. ಶಾಲೆ ಚೆನ್ನಾಯಿತು, ಅಪರಾಧ ಇಳಿಯಿತು. ಆದರೆ ಹಳೆಯ ಕುಟುಂಬಗಳಲ್ಲಿ ಅನೇಕರು ಮರಳಲಿಲ್ಲ. ಅರ್ಧ ಮೀಸಲಿಟ್ಟ ಕಡೆಯೇ ಹೀಗಾದರೆ, ಏನನ್ನೂ ಮೀಸಲಿಡದ ಕಡೆ ಏನಾಗುತ್ತದೆಂದು ಶ್ರೀರಾಮಪುರದವರು ಸರಿಯಾಗಿಯೇ ಊಹಿಸಿದ್ದಾರೆ.

ಫಿನ್ಲೆಂಡಿನ ದಾರಿ ಬೇರೆ. ಅಲ್ಲಿ 1985ರಲ್ಲಿ ಹುಟ್ಟಿದ ವೈ-ಫೌಂಡೇಶನ್ ಎಂಬ ಸಂಸ್ಥೆ ಜೂಜುಯಂತ್ರಗಳ ಆದಾಯದಿಂದ ಬಂದ ನೆರವಿನಲ್ಲಿ ಸಾಮಾನ್ಯ ಕಟ್ಟಡಗಳಲ್ಲಿಯೇ ಬಿಡಿ ಮನೆಗಳನ್ನು ಕೊಂಡು ಮನೆಯಿಲ್ಲದವರಿಗೆ ಬಾಡಿಗೆಗೆ ಕೊಡುತ್ತ ಬಂತು. 2008ರಿಂದ ಮೊದಲು ಮನೆ, ಆಮೇಲೆ ಉಳಿದದ್ದು ಎಂಬುದೇ ದೇಶದ ನೀತಿಯಾಯಿತು. ಕುಡಿತ ಬಿಟ್ಟರೆ ಮನೆ ಕೊಡುತ್ತೇವೆ ಎನ್ನುವ ಬದಲು, ಮನೆ ಕೊಟ್ಟು ಕುಡಿತ ಬಿಡಲು ಜೊತೆ ನಿಂತರು. ಬಾಡಿಗೆ ಕರಾರು ಅವರ ಹೆಸರಿನಲ್ಲಿಯೇ ಇರುತ್ತದೆ.

ಬಸವನಗುಡಿಯ ಹಿರಿಯ

ಫಿನ್ಲೆಂಡಿನ ಇಡೀ ಜನಸಂಖ್ಯೆ ನಮ್ಮ ಊರಿಗಿಂತ ಕಡಿಮೆ. ಅಲ್ಲಿನ ಸರ್ಕಾರ ಬಾಡಿಗೆಗೆ ಭತ್ಯೆಯನ್ನೂ ಕೊಡುತ್ತದೆ. ಹೋಲಿಕೆ ಮಾಡುವಾಗ ಇದನ್ನೂ ಹೇಳಬೇಕು.

ಹೊರದೇಶದಲ್ಲಿರುವ ಕನ್ನಡಿಗ

ಒಪ್ಪಿದೆ. ಅದಕ್ಕಾಗಿಯೇ ದೇಣಿಗೆಯೊಂದರಿಂದ ಊರಿನ ಸಮಸ್ಯೆ ತೀರುವುದಿಲ್ಲ, ಸರ್ಕಾರದ ಹಣಕ್ಕೆ ಅದು ಪರ್ಯಾಯವಾಗಬಾರದು ಎಂಬುದೂ ನನ್ನ ಮಾತೇ.

ವಕೀಲ, ಶಾಂತಿನಗರ

ಸರ್ಕಾರದ ಹಣದ ಮಾತು ಬಂದದ್ದರಿಂದ ಎಲ್ಲರೂ ತಮ್ಮ ಆಸ್ತಿ ತೆರಿಗೆಯ ವಿವರವನ್ನು ಒಮ್ಮೆ ನೋಡಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ತೆರಿಗೆಯ ಮೇಲೆ ಶೇ. 3ರಷ್ಟು ಭಿಕ್ಷುಕರ ಉಪಕರ ಸೇರಿರುತ್ತದೆ. ಮಾಗಡಿ ರಸ್ತೆಯ ಸುಮನಹಳ್ಳಿಯ ನಿರಾಶ್ರಿತರ ಪರಿಹಾರ ಕೇಂದ್ರ ಆ ಕಾಯ್ದೆಯಡಿಯದು. 2010ರ ಆಗಸ್ಟಿನಲ್ಲಿ ಅಲ್ಲಿ ಸಾಲು ಸಾಲಾಗಿ ಜನ ಸತ್ತ ಸುದ್ದಿಯನ್ನು ಆಗ ಪತ್ರಿಕೆ ಓದುತ್ತಿದ್ದ ಯಾರೂ ಮರೆತಿರಲಾರರು. ಬಡವರ ಹೆಸರಿನಲ್ಲಿ ಹಣ ಸಂಗ್ರಹವಾಗುವುದಕ್ಕೂ ಅದು ಅವರನ್ನು ಘನತೆಯಿಂದ ತಲುಪುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಅದು ತೋರಿಸಿತು.

ಆದ್ದರಿಂದ ನಿಮ್ಮ ಸಂಘ ಏನೇ ಮಾಡಲಿ, ಒಂದು ಎಚ್ಚರವಿರಲಿ: ಫುಟ್‌ಪಾತ್ ಸ್ವಚ್ಛವಾಗಲಿ ಎಂಬ ಆಸೆಯಿಂದ ಜನರನ್ನು ಎತ್ತಿ ಸಾಗಿಸುವ ಯಾವ ಯೋಜನೆಗೂ ಈ ಹಣ ಹೋಗಬಾರದು. ಫುಟ್‌ಪಾತಿನಲ್ಲಿ ಬದುಕುವವನಿಗೂ ಜೀವನೋಪಾಯದ ಹಕ್ಕು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1985ರಲ್ಲಿಯೇ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಹೇಳಿದೆ. ಅವರು ಮಲಗುವ ಜಾಗ ಅವರ ಕೆಲಸಕ್ಕೆ ಹತ್ತಿರವಿರುತ್ತದೆ. ಮನೆಯೂ ಹಾಗೆಯೇ ಇರಬೇಕು.

ನಿವೃತ್ತ ದಾದಿ, ಹೊಂಬೇಗೌಡನಗರ

ಎಲ್ಲರೂ ದುಡಿಯುವವರ ಬಗ್ಗೆಯೇ ಬರೆಯುತ್ತಿದ್ದೀರಿ. ಮಾನಸಿಕ ಕಾಯಿಲೆಯಿಂದ ಮನೆ ಬಿಟ್ಟು ಬೀದಿಗೆ ಬಂದವರಿಗೆ ಅಡ್ವಾನ್ಸ್ ಕೊಟ್ಟರೆ ಸಾಲದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಅಂಥವರು ಕಂಡಾಗ ರಕ್ಷಣೆ ಕೊಟ್ಟು ಆರೋಗ್ಯ ಸಂಸ್ಥೆಗೆ ಕರೆದೊಯ್ಯುವುದು ಪೊಲೀಸರ ಕರ್ತವ್ಯ. ಚಿಕಿತ್ಸೆ ಸಿಗುತ್ತದೆ, ಗುಣವೂ ಕಾಣುತ್ತದೆ. ಬಿಡುಗಡೆಯ ದಿನ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ಗುಣವಾದ ಮೇಲೂ ವರ್ಷಗಟ್ಟಲೆ ವಾರ್ಡಿನಲ್ಲಿಯೇ ಉಳಿದದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆ ಇದಕ್ಕೆ ಹೋಮ್ ಅಗೈನ್ ಎಂಬ ದಾರಿ ಕಂಡುಕೊಂಡಿದೆ. ಸಾಮಾನ್ಯ ಬೀದಿಯಲ್ಲಿ ಒಂದು ಬಾಡಿಗೆ ಮನೆ, ಅದರಲ್ಲಿ ನಾಲ್ಕೈದು ಮಂದಿ ಒಟ್ಟಿಗೆ, ಜೊತೆಗೆ ನೆರವಿಗೆ ಒಬ್ಬ ಸಹಾಯಕಿ. ಒಲೆಯನ್ನು ಅವರೇ ಹಚ್ಚುತ್ತಾರೆ, ಹಬ್ಬಕ್ಕೆ ನೆರೆಯವರಿಗೆ ಸಿಹಿ ಕೊಡುತ್ತಾರೆ. ನಿಮ್ಮ 8 ಲಕ್ಷದಲ್ಲಿ ಅಂಥ ಒಂದು ಮನೆಯನ್ನಾದರೂ ಯೋಚಿಸಿ.

ಮಲ್ಲೇಶ್ವರದ ಲೆಕ್ಕಪರಿಶೋಧಕಿ

ಕಾಗದದ ಮೇಲೆ ಒಂದು ಲೆಕ್ಕ ಹಾಕಿದೆ. ತಿಂಗಳಿಗೆ 5,000 ರೂಪಾಯಿ ಬಾಡಿಗೆಯ ಒಂದು ಕೋಣೆಯ ಮನೆ, ಹತ್ತು ತಿಂಗಳ ಅಡ್ವಾನ್ಸ್ ಎಂದುಕೊಳ್ಳಿ. ಎಂಟು ಕುಟುಂಬಗಳಿಗೆ ಅಡ್ವಾನ್ಸ್ 4 ಲಕ್ಷ. ಮೊದಲ ಆರು ತಿಂಗಳ ಬಾಡಿಗೆ 2 ಲಕ್ಷ 40 ಸಾವಿರ. ಉಳಿಯುವುದು 1 ಲಕ್ಷ 60 ಸಾವಿರ. ಅದರಲ್ಲಿ ತಿಂಗಳಿಗೆ 16 ಸಾವಿರದಂತೆ ಹತ್ತು ತಿಂಗಳು ಒಬ್ಬ ಕಾರ್ಯಕರ್ತೆಯನ್ನು ಇಟ್ಟುಕೊಳ್ಳಬಹುದು.

ಹಿರಿಯರ ಆಕ್ಷೇಪಕ್ಕೆ ಉತ್ತರ ಇಲ್ಲಿಯೇ ಇದೆ. ಅಡ್ವಾನ್ಸ್ ಖರ್ಚಾಗುವ ಹಣವಲ್ಲ. ಕರಾರು ಪತ್ರದಲ್ಲಿ ಅಡ್ವಾನ್ಸ್ ಕೊಟ್ಟವರು ಸಂಘ ಎಂದು ಬರೆಸಿದರೆ, ಕುಟುಂಬ ಮನೆ ಬಿಡುವ ದಿನ ಮಾಲೀಕರು ಅದನ್ನು ಸಂಘಕ್ಕೇ ಮರಳಿಸುತ್ತಾರೆ. ಕುಟುಂಬ ಅಲ್ಲೇ ನೆಲೆನಿಂತರೆ ತಿಂಗಳಿಗೆ ಸಾವಿರದಂತೆ ತೀರಿಸಲಿ. ಅದೇ 4 ಲಕ್ಷ ಮತ್ತೆ ಬೇರೆ ಕುಟುಂಬಗಳಿಗೆ ತಿರುಗುತ್ತದೆ.

ತಂಗುದಾಣದ ಮಾಜಿ ಮೇಲ್ವಿಚಾರಕಿ

ಲೆಕ್ಕ ಸರಿ, ಆದರೆ 16 ಸಾವಿರಕ್ಕೆ ಇಡೀ ದಿನದ ಕೆಲಸ ಕೇಳಬೇಡಿ. ಬಡವರಿಗಾಗಿ ದುಡಿಯುವವರನ್ನೂ ಬಡವರಾಗಿಯೇ ಇಡುವುದು ನ್ಯಾಯವಲ್ಲ. ಅರ್ಧ ದಿನದ ಕೆಲಸವೆಂದು ಬರೆದುಕೊಳ್ಳಿ.

ಕಾಮಾಕ್ಷಿಪಾಳ್ಯದ ಮನೆ ಮಾಲೀಕ

ನನ್ನ ಬಳಿ ಆರು ಸಣ್ಣ ಮನೆಗಳಿವೆ, ಎಲ್ಲವೂ ಬಾಡಿಗೆಗಿವೆ. ಫುಟ್‌ಪಾತಿನಿಂದ ನೇರವಾಗಿ ಬಂದವರಿಗೆ ಕೊಡುತ್ತೀರಾ ಎಂದು ಯಾರಾದರೂ ಕೇಳಿದ್ದರೆ ಇಷ್ಟು ದಿನ ಇಲ್ಲವೆನ್ನುತ್ತಿದ್ದೆ. ಹಣಕ್ಕಿಂತ ಹೆಚ್ಚಾಗಿ, ತೊಂದರೆಯಾದರೆ ಯಾರನ್ನು ಕೇಳಬೇಕು ಎಂಬ ಅಳುಕು. ಸಂಘ ಕರಾರಿನಲ್ಲಿ ಸಹಿ ಹಾಕಿ, ತಿಂಗಳಿಗೊಮ್ಮೆ ಯಾರಾದರೂ ಬಂದು ವಿಚಾರಿಸುವುದಾದರೆ ಹತ್ತರ ಬದಲು ಐದು ತಿಂಗಳ ಅಡ್ವಾನ್ಸಿಗೆ ಕೊಡಲು ನಾನು ಸಿದ್ಧ. ಮುಂದಿನ ತಿಂಗಳು ಒಂದು ಮನೆ ಖಾಲಿಯಾಗುತ್ತಿದೆ.

ಬಸವನಗುಡಿಯ ಹಿರಿಯ

ಐದು ತಿಂಗಳೆಂದರೆ ಲೆಕ್ಕ ಬದಲಾಗುತ್ತದೆ. ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಆದರೂ ಮೊದಲ ಮನೆಯ ಅಡ್ವಾನ್ಸಿಗೆ ನನ್ನ ಪಾಲು 10 ಸಾವಿರ ರೂಪಾಯಿ ಬರೆದುಕೊಳ್ಳಿ. ಚೆಕ್ಕಿನಲ್ಲಿಯೇ ಕೊಡುತ್ತೇನೆ.

ವಿಲ್ಸನ್‌ಗಾರ್ಡನ್ ನಿವಾಸಿ

ನಿನ್ನೆ ರಾತ್ರಿ ಸಂಘದ ಸಭೆಯಲ್ಲಿ ಈ ಚರ್ಚೆಯನ್ನು ಓದಿ ಹೇಳಿದೆ. ಬಣ್ಣದ ಯೋಜನೆಯನ್ನು ಕೈಬಿಟ್ಟಿದ್ದೇವೆ. ಕೇರಿಯವರನ್ನು ಕೇಳದೆ ಕೇರಿಯ ಬಗ್ಗೆ ತೀರ್ಮಾನ ಬೇಡವೆಂದು ಎಲ್ಲರೂ ಒಪ್ಪಿದರು. ಕಂಬಳಿಗೆ 50 ಸಾವಿರ ಇಡಲೇಬೇಕೆಂದು ಕೆಲವರು ಪಟ್ಟು ಹಿಡಿದರು, ಇಟ್ಟಿದ್ದೇವೆ. ಮೊದಲ ಹಂತದಲ್ಲಿ ಮೂರು ಮನೆಗಳನ್ನು ನೋಡುತ್ತೇವೆ, ಅವುಗಳಲ್ಲಿ ಒಂದು ದಾದಿ ಮೇಡಂ ಹೇಳಿದಂತೆ ಒಂಟಿ ಮಹಿಳೆಯರು ಕೂಡಿ ಬಾಳುವ ಮನೆ. ಅದರ ಸಹಾಯಕಿಯ ಸಂಬಳ ವರ್ಷದ ನಂತರ ಎಲ್ಲಿಂದ ಬರಬೇಕೆಂಬುದು ಇನ್ನೂ ಬಗೆಹರಿದಿಲ್ಲ. ಬೆಳ್ಳಂದೂರಿನವರ ಸಮಿತಿಗೆ ಅರ್ಜಿ ಬರೆಯುತ್ತಿದ್ದೇವೆ. ತಂಗುದಾಣಗಳ ವಿಷಯವಾಗಿ ಪಾಲಿಕೆಗೂ ಪತ್ರ ಹೋಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದೇ ಪಾಲಿಕೆ ಹೋಗಿ ಐದು ಪಾಲಿಕೆಗಳಾದ ಮೇಲೆ ನಮ್ಮ ವಾರ್ಡಿನ ಕಡತ ಯಾರ ಮೇಜಿನ ಮೇಲಿದೆ ಎಂಬುದನ್ನು ವಕೀಲರು ವಿಚಾರಿಸಿ ಹೇಳುವುದಾಗಿ ಒಪ್ಪಿದ್ದಾರೆ.

ಕಾಮಾಕ್ಷಿಪಾಳ್ಯದವರಿಗೆ ಖಾಸಗಿ ಸಂದೇಶ ಕಳುಹಿಸಿದ್ದೇನೆ. ಆ ಹೂವಿನ ಅಜ್ಜಿಯನ್ನು ಹುಡುಕಿ, ಅವರಿಗೆ ಇಷ್ಟವಿದೆಯೇ ಎಂದು ಕೇಳಲು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮಾರುಕಟ್ಟೆಗೆ ಹೋಗುತ್ತಿದ್ದೇನೆ.

ಯಾದಗಿರಿಯಿಂದ ಬಂದವನು

ನಾನೂ ಬರುತ್ತೇನೆ. ಸಾಮಾನು ಸಾಗಿಸಲು ನನ್ನ ಬಳಿ ಈಗ ಸ್ವಂತ ಗೂಡ್ಸ್ ಆಟೋ ಇದೆ.

ತಂಗುದಾಣದ ಮಾಜಿ ಮೇಲ್ವಿಚಾರಕಿ

ಆರು ಗಂಟೆಗೆ ಹೋದರೆ ಯಾರೂ ಸಿಗುವುದಿಲ್ಲ. ಹೂವಿನ ವ್ಯಾಪಾರ ಆರಂಭವಾಗುವ ಮೊದಲೇ ಅವರನ್ನು ಎಬ್ಬಿಸಿರುತ್ತಾರೆ. ಮೂರೂವರೆಗೆ ಬನ್ನಿ, ನಾನು ದಕ್ಷಿಣದ ಬಾಗಿಲ ಬಳಿ ನಿಂತಿರುತ್ತೇನೆ. ಮತ್ತು ಅವರ ಜೊತೆ ಇನ್ನು ಯಾರು ಮಲಗುತ್ತಾರೆಂದು ಮೊದಲು ಕೇಳೋಣ, ಏಕೆಂದರೆ ಅಷ್ಟು ವರ್ಷ ಒಟ್ಟಿಗೆ ಮಲಗಿದ ಗೆಳತಿಯನ್ನು ಬಿಟ್ಟು ಅವರು ಬರಲಿಕ್ಕಿಲ್ಲ.